ಬಿಡುವು ಸಿಕ್ಕಿದ ಊರು ಓದು ಬಿಟ್ಟಿದ್ದೇಕೆ? ಮಾರಿಯೆಂಟಾಲ್ ಪ್ರಕರಣ

ಕೈತುಂಬ ಬಿಡುವಿದ್ದರೆ ಜನ ಏನು ಮಾಡುತ್ತಾರೆ? ಓದುತ್ತಾರೆ, ಗೆಳೆಯರ ಜೊತೆ ಕೂತು ಹರಟುತ್ತಾರೆ, ಬಾಕಿ ಉಳಿದ ಕೆಲಸ ಮುಗಿಸಿಕೊಳ್ಳುತ್ತಾರೆ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? 1930ರಲ್ಲಿ ಆಸ್ಟ್ರಿಯಾದ ಒಂದು ಸಣ್ಣ ಊರಿಗೆ ಬೇಕಾದಷ್ಟು ಬಿಡುವು ಸಿಕ್ಕಿತು. ಊರಿನ ಒಂದೇ ಗಿರಣಿ ಮುಚ್ಚಿತ್ತು. ಆಮೇಲೆ ಅಲ್ಲಿನ ಕಾರ್ಮಿಕರ ಲೈಬ್ರರಿಯ ಲೆಕ್ಕ ನೋಡಿದರೆ, 1929ರಿಂದ 1931ರ ಹೊತ್ತಿಗೆ ಜನ ಮನೆಗೆ ಒಯ್ಯುವ ಪುಸ್ತಕಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಮೊದಲು ಪುಸ್ತಕಕ್ಕೆ ಒಂದು ಚಿಕ್ಕ ಶುಲ್ಕ ಇತ್ತು. ಅದನ್ನೂ ತೆಗೆದುಹಾಕಿದ್ದರು. ಪುಸ್ತಕ ಪುಕ್ಕಟೆ, ಸಮಯ ಧಾರಾಳ. ಆದರೂ ಓದುವವರು ಕಡಿಮೆಯಾದರು.

ಸಮಾಜಶಾಸ್ತ್ರದ ಪಾಠಗಳಲ್ಲಿ ಸಿದ್ಧಾಂತಗಳು ಸಾಮಾನ್ಯವಾಗಿ ಒಂದರ ಕೆಳಗೆ ಒಂದು ಪಟ್ಟಿಯಾಗಿ ಬರುತ್ತವೆ: ಪ್ರಕಾರ್ಯವಾದ, ಸಂಘರ್ಷ ಸಿದ್ಧಾಂತ, ಸಾಂಕೇತಿಕ ಅಂತರ್‌ಕ್ರಿಯಾವಾದ, ಸ್ತ್ರೀವಾದ. ಪರೀಕ್ಷೆಗೆ ಬಾಯಿಪಾಠ ಮಾಡಲು ಅದು ಸಾಕು. ಆದರೆ ಯಾವುದಕ್ಕೆ ಎಷ್ಟು ಕಸುವಿದೆ ಅಂತ ತಿಳಿಯಬೇಕಾದರೆ, ಅವನ್ನೆಲ್ಲ ಒಂದೇ ಊರಿನ ಮುಂದೆ ತಂದು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಬೇಕು. ನನಗೆ ಆ ಊರು ಮಾರಿಯೆಂಟಾಲ್. ಪ್ರಶ್ನೆ ಆ ಲೈಬ್ರರಿಯದ್ದು.

ಊರು, ಗಿರಣಿ, ಮತ್ತು ಬಂದವರು

ವಿಯೆನ್ನಾದಿಂದ ಆಗ್ನೇಯಕ್ಕೆ, ರೈಲಿನಲ್ಲಿ ಅರ್ಧ ಗಂಟೆಗೂ ಸ್ವಲ್ಪ ಜಾಸ್ತಿ ದೂರದಲ್ಲಿ, ಗ್ರಾಮಾಟ್‌ನೊಯ್‌ಸೀಡ್ಲ್ ಎಂಬ ಹಳ್ಳಿಗೆ ಅಂಟಿಕೊಂಡ ಊರು ಇದು. ಬಟ್ಟೆ ಗಿರಣಿಯಿಂದಲೇ ಹುಟ್ಟಿ ಬೆಳೆದ ಊರು. ಗಿರಣಿ ಇದ್ದ ಕಾಲದಲ್ಲಿ ಅಲ್ಲಿ ನಾಟಕ ತಂಡವಿತ್ತು, ಕ್ರೀಡಾ ಸಂಘಗಳಿದ್ದವು, ಸಮಾಜವಾದಿ ಪಕ್ಷದ ಸಭೆಗಳಲ್ಲಿ ಬಿಸಿಬಿಸಿ ಚರ್ಚೆ ನಡೆಯುತ್ತಿತ್ತು. 1929ರ ಮಧ್ಯದಲ್ಲಿ ಗಿರಣಿಯ ವಿಭಾಗಗಳು ಒಂದೊಂದಾಗಿ ಮುಚ್ಚತೊಡಗಿದವು. 1930ರ ಫೆಬ್ರವರಿಯಲ್ಲಿ ಮಗ್ಗಗಳೂ ನಿಂತವು. ಆಮೇಲೆ ಕಟ್ಟಡಗಳನ್ನೇ ಕೆಡವಲು ಶುರು ಮಾಡಿದರು. ವರ್ಷಗಟ್ಟಲೆ ದುಡಿದವರು ಕಿಟಕಿ ತೆರೆದರೆ ಕಾಣುತ್ತಿದ್ದದ್ದು ಇಟ್ಟಿಗೆ ರಾಶಿ, ನುಜ್ಜುಗುಜ್ಜಾದ ಬಾಯ್ಲರ್, ಬೀಳುತ್ತಿರುವ ಗೋಡೆ.

ಊರಿನಲ್ಲಿ 478 ಕುಟುಂಬ, 1,486 ಜನ. ನಾಲ್ಕರಲ್ಲಿ ಮೂರು ಪಾಲು ಕುಟುಂಬಗಳು ನಿರುದ್ಯೋಗ ಭತ್ಯೆಯ ಮೇಲೆ ಬದುಕುತ್ತಿದ್ದವು.

1931ರ ಕೊನೆಯಲ್ಲಿ ವಿಯೆನ್ನಾದಿಂದ ಯುವ ಸಂಶೋಧಕರ ಒಂದು ತಂಡ ಇಲ್ಲಿಗೆ ಬಂತು. ಮುಂದಾಳು ಪೌಲ್ ಲಜಾರ್ಸ್‌ಫೆಲ್ಡ್. ಜೊತೆಗೆ ಮಾರೀ ಯಹೋಡಾ, ಹಾನ್ಸ್ ಝೈಸೆಲ್. ಊರಲ್ಲೇ ಉಳಿದು ಮನೆಮನೆ ತಿರುಗಿದ ದೊಡ್ಡ ಕೆಲಸ ಲೋಟೆ ಡಾನ್‌ಸಿಂಗರ್ ಅವರದ್ದು. ನಿಜವಾಗಿ ಲಜಾರ್ಸ್‌ಫೆಲ್ಡ್‌ಗೆ ಕಾರ್ಮಿಕರು ಬಿಡುವಿನ ಸಮಯ ಹೇಗೆ ಕಳೆಯುತ್ತಾರೆ ಅಂತ ನೋಡುವ ಆಸೆ ಇತ್ತು. ಸಮಾಜವಾದಿ ನಾಯಕ ಓಟ್ಟೊ ಬೌವರ್ ಅದನ್ನು ಕೇಳಿ, ಇಷ್ಟೊಂದು ಜನ ಕೆಲಸವಿಲ್ಲದೆ ಕೂತಿರುವಾಗ ಬಿಡುವಿನ ಬಗ್ಗೆ ಏನು ಅಧ್ಯಯನ, ನಿರುದ್ಯೋಗವನ್ನೇ ನೋಡಿ ಎಂದರಂತೆ.

ಈ ತಂಡ ಇಟ್ಟುಕೊಂಡ ಒಂದು ನಿಯಮ ನನಗೆ ತುಂಬ ಇಷ್ಟ. ಊರಲ್ಲಿ ಯಾರೂ ಸುಮ್ನೆ ನೋಡುವವರಾಗಿ ಇರಬಾರದು; ಪ್ರತಿಯೊಬ್ಬರೂ ಊರಿಗೆ ಉಪಯೋಗಕ್ಕೆ ಬರುವ ಒಂದು ಕೆಲಸ ಮಾಡುತ್ತಿರಬೇಕು. ಹಾಗಾಗಿ ವಿಯೆನ್ನಾದಲ್ಲಿ ಸುಮಾರು 200 ಬಟ್ಟೆ ಸಂಗ್ರಹಿಸಿ ತಂದು ಹಂಚಿದರು. ವೈದ್ಯರು ಬಂದು ಜನರನ್ನು ಪರೀಕ್ಷೆ ಮಾಡಿದರು. ಹೊಲಿಗೆಯ ಮಾದರಿ ಕತ್ತರಿಸುವ ತರಗತಿ, ಹುಡುಗಿಯರಿಗೆ ವ್ಯಾಯಾಮ ತರಗತಿ ನಡೆದವು. ಈ ಕೆಲಸಗಳ ನಡುವೆಯೇ ಪ್ರತಿ ಕುಟುಂಬದ ಕಡತ ಬೆಳೆಯಿತು.

ಅವರು ಕಂಡದ್ದು

ತಂಡದವರು ಕಿಟಕಿಯ ಹಿಂದೆ ನಿಂತು ಊರಿನ ಮುಖ್ಯ ರಸ್ತೆಯಲ್ಲಿ ಹೋಗುವವರನ್ನು ಎಣಿಸಿದರು. ಯಾರು ಎಷ್ಟು ಸಲ ನಿಲ್ಲುತ್ತಾರೆ, ಎಷ್ಟು ವೇಗದಲ್ಲಿ ನಡೆಯುತ್ತಾರೆ ಅಂತ ಬರೆದುಕೊಂಡರು. ಸುಮಾರು 300 ಮೀಟರ್ ದೂರ ದಾಟುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಗಂಡಸರು ಎರಡು ಸಲಕ್ಕೆ ಕಡಿಮೆಯಿಲ್ಲದೆ ನಿಂತರು. ಎಲ್ಲೂ ನಿಲ್ಲದೆ ನಡೆದವರು ಹತ್ತರಲ್ಲಿ ಒಬ್ಬರು. ಹೆಂಗಸರು ಅಷ್ಟು ನಿಲ್ಲಲಿಲ್ಲ, ಅವರ ವೇಗ ಗಂಡಸರ ಒಂದೂವರೆ ಪಟ್ಟು ಇತ್ತು. ನೂರು ಗಂಡಸರಲ್ಲಿ 88 ಜನರ ಹತ್ತಿರ ಗಡಿಯಾರ ಇರಲಿಲ್ಲ. ಆ 88ರಲ್ಲಿ 31 ಜನರ ಗಡಿಯಾರ ಮನೆಯಲ್ಲೇ ಬಿದ್ದಿತ್ತು. ಗಡಿಯಾರ ಇದ್ದೂ ಹಾಕಿಕೊಂಡಿರಲಿಲ್ಲ.

ಇಡೀ ದಿನ ಏನೇನು ಮಾಡಿದಿರಿ ಅಂತ ಗಂಟೆಗಂಟೆಗೆ ಬರೆಯುವ ಹಾಳೆ ಕೊಟ್ಟರು. 33 ವರ್ಷದ ಒಬ್ಬ ಬರೆದದ್ದನ್ನು ಓದಿದರೆ ಎದೆಗೆ ತಟ್ಟುತ್ತದೆ. ಬೆಳಿಗ್ಗೆ ಎದ್ದದ್ದು, ಮಕ್ಕಳನ್ನು ಎಬ್ಬಿಸಿದ್ದು ಹೀಗೆ ಒಂದೆರಡು ಸಂಗತಿ. ಆಮೇಲೆ ಒಂದು ಸಾಲು: ಅಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಬೆಳಿಗ್ಗೆಯ ನಾಲ್ಕೈದು ಗಂಟೆ ಎಲ್ಲಿ ಹೋಯಿತು ಅಂತ ಅವನಿಗೆ ಹೇಳಲು ಆಗಲಿಲ್ಲ.

ಓದಿನ ವಿಷಯದಲ್ಲೂ ಲೆಕ್ಕ ಹೀಗೇ. ಗಂಭೀರ ಲೇಖನಗಳಿದ್ದ ಪಕ್ಷದ ದಿನಪತ್ರಿಕೆಯ ಚಂದಾದಾರರು ಶೇಕಡಾ 60ರಷ್ಟು ಕಡಿಮೆಯಾದರು. ಕೆಲಸವಿಲ್ಲದವರಿಗೆ ರಿಯಾಯಿತಿ ದರ ಇದ್ದರೂ ಹೀಗಾಯಿತು. ಓದಲು ಹಗುರವಾಗಿದ್ದ ಇನ್ನೊಂದು ಪತ್ರಿಕೆ ಕಳೆದುಕೊಂಡದ್ದು ಶೇಕಡಾ 27 ಮಾತ್ರ. ಬರೀ ದುಡ್ಡಿನ ತಾಪತ್ರಯ ಆಗಿದ್ದರೆ ಎರಡೂ ಒಂದೇ ಥರ ಇಳಿಯಬೇಕಿತ್ತು.

ಮೊದಲ ಉತ್ತರ: ಯಾರು ಮುಚ್ಚಿದರು?

ಆ ಕಾಲದಲ್ಲಿ ಎಲ್ಲರ ಮನಸ್ಸಿನಲ್ಲೂ ಇದ್ದ ಪ್ರಶ್ನೆ ಒಂದೇ: ಕೆಲಸ ಕಳೆದುಕೊಂಡವರು ಬಂಡೇಳುತ್ತಾರಾ? ಇದು ಸಂಘರ್ಷ ಸಿದ್ಧಾಂತದ ಪ್ರಶ್ನೆ. ಕಾರ್ಲ್ ಮಾರ್ಕ್ಸ್ ಪ್ರಕಾರ ಸಮಾಜವನ್ನು ಅರಿಯಬೇಕಾದರೆ ಉತ್ಪಾದನೆಯ ಸಾಧನ ಯಾರ ಕೈಯಲ್ಲಿದೆ ಅಂತ ನೋಡಬೇಕು. ಮಗ್ಗ ಮಾಲೀಕನದ್ದು, ದುಡಿಮೆ ಕಾರ್ಮಿಕನದ್ದು. ಲಾಭ ಬರದಿದ್ದಾಗ ಮಗ್ಗ ನಿಲ್ಲುತ್ತದೆ, ಕಾರ್ಮಿಕ ಬೀದಿಗೆ ಬರುತ್ತಾನೆ. ಕೆಲಸವಿಲ್ಲದ ಇಂಥವರನ್ನು ಮಾರ್ಕ್ಸ್ ದುಡಿಮೆಯ ಮೀಸಲು ಪಡೆ ಎಂದು ಕರೆದರು. ಬೇಕಾದಾಗ ಕರೆಯಬಹುದು, ಬೇಡವಾದಾಗ ಬಿಡಬಹುದು.

ಮಾರಿಯೆಂಟಾಲ್ ಕಥೆಯ ಆರಂಭವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಸಿದ್ಧಾಂತ ಇಲ್ಲ. ಗಿರಣಿ ಮುಚ್ಚುವ ತೀರ್ಮಾನದಲ್ಲಿ ಆ 478 ಕುಟುಂಬಗಳಿಗೆ ಒಂದು ಮಾತೂ ಇರಲಿಲ್ಲ. ಆದರೆ ಕಥೆ ಮುಂದೆ ಹೋದಂತೆ ಸಿದ್ಧಾಂತ ಮುಗ್ಗರಿಸುತ್ತದೆ. ಜನ ಬಂಡೇಳಲಿಲ್ಲ, ಸಂಘಗಳಿಂದಲೇ ದೂರ ಸರಿದರು. ಒಬ್ಬರ ಮೇಲೊಬ್ಬರು ಹೆಸರಿಲ್ಲದ ದೂರು ಬರೆಯುವುದು ಹೆಚ್ಚಾಯಿತು: ಇವನು ಭತ್ಯೆ ತೆಗೆದುಕೊಂಡು ಕದ್ದು ಕೆಲಸ ಮಾಡುತ್ತಾನೆ ಅಂತ. ವಿಚಾರಿಸಿದಾಗ ಎಷ್ಟೋ ದೂರುಗಳು ಸುಳ್ಳೆಂದು ಗೊತ್ತಾಯಿತು. ಕಷ್ಟ ಒಂದೇ ಆಗಿದ್ದರೂ ಒಗ್ಗಟ್ಟು ಬರಲಿಲ್ಲ.

ಮಾರ್ಕ್ಸ್ ಅನ್ನು ಇಲ್ಲಿಗೇ ಕೈಬಿಡುವುದು ಅವಸರವಾಗುತ್ತದೆ. ಒಂದೇ ಸ್ಥಿತಿಯಲ್ಲಿರುವುದು ಬೇರೆ, ನಾವು ಒಂದು ವರ್ಗ ಎಂಬ ಅರಿವು ಬರುವುದು ಬೇರೆ ಅಂತ ಹೇಳಿದವರು ಅವರೇ. ಆ ಅರಿವು ಹುಟ್ಟುವುದು ಒಂದೇ ಸೂರಿನಡಿ ದಿನಾ ಒಟ್ಟಿಗೆ ದುಡಿಯುವ ಕಡೆ. ಗಿರಣಿ ಹೋದಾಗ ಆ ಸೂರೂ ಹೋಯಿತು. ಪಕ್ಷದ ಪತ್ರಿಕೆ ಯಾಕೆ ಬಿದ್ದುಹೋಯಿತು ಅನ್ನುವುದಕ್ಕೆ ಇಲ್ಲಿ ಒಂದು ಉತ್ತರ ಸಿಗುತ್ತದೆ: ಬೆಳಿಗ್ಗೆ ಓದಿದ್ದನ್ನು ಮಗ್ಗದ ಪಕ್ಕ ನಿಂತು ವಾದಿಸುವ ಜಾಗವೇ ಇರಲಿಲ್ಲ. ವಾದಿಸಲು ಯಾರೂ ಇಲ್ಲದವನು ಅಗ್ರಲೇಖನ ಓದಿ ಏನು ಮಾಡಬೇಕು?

ಭತ್ಯೆಯ ನಿಯಮದ ಬಗ್ಗೆಯೂ ಒಂದು ಮಾತು. ಭತ್ಯೆ ಪಡೆಯುವವರು ಯಾವ ಚಿಲ್ಲರೆ ಕೆಲಸವನ್ನೂ ಮಾಡುವಂತಿರಲಿಲ್ಲ. ಹಾರ್ಮೋನಿಕಾ ನುಡಿಸಿ ನಾಲ್ಕು ಕಾಸು ಗಳಿಸಿದ ಒಬ್ಬನ ಭತ್ಯೆ ನಿಂತಿತು. ಸೌದೆಗಾಗಿ ಮರ ಕಡಿಯಲು ಹೋದ ಇನ್ನೊಬ್ಬನದ್ದೂ ನಿಂತಿತು. ಇಲ್ಲಿ ಮಾಲೀಕ ಇಲ್ಲ, ಲಾಭ ಇಲ್ಲ. ಇರುವುದು ಕಡತ ಮತ್ತು ನಿಯಮ. ಇದನ್ನು ನೋಡಲು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಬೇಕು. ಆಧುನಿಕ ಆಡಳಿತ ಎಲ್ಲರನ್ನೂ ಒಂದೇ ನಿಯಮದಿಂದ ಅಳೆಯುತ್ತದೆ. ಅದರ ಬಲವೂ ಅದೇ, ಕ್ರೌರ್ಯವೂ ಅದೇ ಅನ್ನುವುದು ಅವರ ವಿಚಾರದ ತಿರುಳು. ಹಾರ್ಮೋನಿಕಾದವನ ಮೇಲೆ ಆ ಕಚೇರಿಯಲ್ಲಿ ಯಾರಿಗೂ ದ್ವೇಷ ಇರಬೇಕಾಗಿರಲಿಲ್ಲ. ನಿಯಮದಲ್ಲಿ ಹಾಗೆ ಬರೆದಿತ್ತು, ಅಷ್ಟೇ.

ಎರಡನೇ ಉತ್ತರ: ಗಿರಣಿ ಕೊಡುತ್ತಿದ್ದದ್ದು ಬರೀ ಕೂಲಿಯಾ?

ನನ್ನ ಮಟ್ಟಿಗೆ ಲೈಬ್ರರಿಯ ಒಗಟನ್ನು ತುಂಬ ಆಳವಾಗಿ ಬಿಡಿಸುವುದು ಪ್ರಕಾರ್ಯವಾದ. ಸಮಾಜದ ಪ್ರತಿಯೊಂದು ಭಾಗವೂ ಒಟ್ಟು ಬಾಳ್ವೆಗೆ ಏನೋ ಒಂದು ಕೆಲಸ ಮಾಡಿಕೊಡುತ್ತದೆ, ಅದೇನು ಅಂತ ಹುಡುಕಿ ಎನ್ನುತ್ತದೆ ಈ ಸಿದ್ಧಾಂತ. ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1893ರಲ್ಲೇ ಶ್ರಮವಿಭಜನೆಯ, ಅಂದರೆ ಒಬ್ಬೊಬ್ಬರು ಒಂದೊಂದು ಕೆಲಸ ಹಂಚಿಕೊಂಡು ಮಾಡುವುದರ ಬಗ್ಗೆ ಬರೆಯುತ್ತಾ, ಅದರ ಉಪಯೋಗ ಉತ್ಪಾದನೆ ಹೆಚ್ಚಿಸುವುದಷ್ಟೇ ಅಲ್ಲ, ಜನರನ್ನು ಒಬ್ಬರಿಗೊಬ್ಬರು ಕಟ್ಟಿಹಾಕುವುದು ಕೂಡ ಎಂದಿದ್ದರು. ಆ ಕಟ್ಟು ಸಡಿಲವಾಗಿ, ಏನು ಬಯಸಬೇಕು, ಎಷ್ಟು ಬಯಸಬೇಕು ಎಂಬ ಅಳತೆಯೇ ತಪ್ಪಿದ ಸ್ಥಿತಿಗೆ ಅವರು ಅನೋಮಿ ಎಂದು ಹೆಸರಿಟ್ಟರು.

1949ರಲ್ಲಿ ಅಮೆರಿಕದ ರಾಬರ್ಟ್ ಮರ್ಟನ್ ಇದನ್ನು ಇನ್ನಷ್ಟು ಹರಿತ ಮಾಡಿದರು. ಎಲ್ಲರಿಗೂ ಗೊತ್ತಿರುವ, ಉದ್ದೇಶಪಟ್ಟು ಮಾಡಿದ ಕೆಲಸ ವ್ಯಕ್ತ ಪ್ರಕಾರ್ಯ. ಯಾರೂ ಉದ್ದೇಶಿಸದೆ, ಗೊತ್ತೂ ಆಗದೆ ನಡೆದುಹೋಗುವುದು ಸುಪ್ತ ಪ್ರಕಾರ್ಯ. ಮುಂದೆ ಮಾರೀ ಯಹೋಡಾ ಇದೇ ಮಾತನ್ನು ಹಿಡಿದು ತಾವು ಯುವತಿಯಾಗಿದ್ದಾಗ ಕಂಡ ಊರಿಗೆ ಮರಳಿ ಅರ್ಥ ಹುಡುಕಿದರು. ಕೆಲಸದ ವ್ಯಕ್ತ ಉದ್ದೇಶ ಕೂಲಿ. ಅದರ ಜೊತೆಗೆ ಯಾರೂ ಕೇಳದೆಯೇ ಐದು ಸಂಗತಿಗಳು ಸಿಗುತ್ತವೆ ಎಂದರು. ದಿನಕ್ಕೊಂದು ವೇಳಾಪಟ್ಟಿ, ಮನೆಯಾಚೆಯ ಜನರ ಒಡನಾಟ, ಒಬ್ಬರಿಂದಾಗದ ಗುರಿಯಲ್ಲಿ ಒಂದು ಪಾಲು, ಊರಲ್ಲೊಂದು ಸ್ಥಾನ, ಮತ್ತು ಬೇಜಾರಾದರೂ ಕೈಗೊಂದು ಕೆಲಸ.

ಈಗ ಆ 33 ವರ್ಷದವನ ಹಾಳೆಯನ್ನು ಮತ್ತೆ ನೋಡಿ. ಗಿರಣಿಯ ಕೂಗು ಅವನ ದಿನವನ್ನು ತುಂಡು ಮಾಡಿಕೊಡುತ್ತಿತ್ತು. ಇಲ್ಲಿಗೆ ದುಡಿಮೆ ಮುಗಿಯಿತು, ಇನ್ನು ಉಳಿದದ್ದು ನನ್ನದು ಅನ್ನುವ ಗಡಿ ಇತ್ತು. ಸಂಜೆ ಪುಸ್ತಕ ತೆರೆಯುವ ಸುಖ ಹುಟ್ಟುವುದು ಆ ಗಡಿಯಿಂದ. ಇಡೀ ದಿನವೂ ನನ್ನದೇ ಆದಾಗ ಯಾವ ಗಂಟೆಯೂ ನನ್ನದು ಅನ್ನಿಸುವುದಿಲ್ಲ. ನಾಳೆಯೂ ಓದಬಹುದು, ನಾಡಿದ್ದೂ ಓದಬಹುದು. ಗಡಿಯಾರ ಮನೆಯಲ್ಲೇ ಉಳಿದದ್ದು ಇದಕ್ಕೇ. ಬಿಡುವು ಅನ್ನುವುದು ದುಡಿಮೆಯ ಇನ್ನೊಂದು ಮಗ್ಗುಲು. ಒಂದು ಮಗ್ಗುಲು ಕಿತ್ತರೆ ಇನ್ನೊಂದು ತಾನೇ ಬೀಳುತ್ತದೆ.

ಆದರೆ ಈ ಸಿದ್ಧಾಂತದ ಜೊತೆ ಎಚ್ಚರ ಬೇಕು. ಅದನ್ನೇ ಹಿಡಿದು ಹೊರಟರೆ ಗಿರಣಿ ಒಂದು ಹೆತ್ತ ತಾಯಿಯ ಹಾಗೆ ಕಾಣತೊಡಗುತ್ತದೆ. ಅಲ್ಲಿನ ದುಡಿಮೆ ಎಷ್ಟು ಒರಟಾಗಿತ್ತು, ಅದರಿಂದ ಯಾರಿಗೆ ಎಷ್ಟು ಲಾಭವಾಯಿತು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಆ ಐದು ಸಂಗತಿಗಳನ್ನು ಗಿರಣಿಯೇ ಕೊಡಬೇಕಾ, ಬೇರೆ ಯಾವ ವ್ಯವಸ್ಥೆಯೂ ಕೊಡಲಾರದಾ? ಮರ್ಟನ್ ಅವರೇ ಈ ಮಾತು ಎತ್ತಿದ್ದರು: ಒಂದೇ ಪ್ರಕಾರ್ಯವನ್ನು ಬೇರೆ ಬೇರೆ ಸಂಸ್ಥೆಗಳು ಪೂರೈಸಬಹುದು ಅಂತ.

ರಸ್ತೆಯಲ್ಲಿ ನಿಂತವರು, ನಿಲ್ಲದವರು

ಸಾಂಕೇತಿಕ ಅಂತರ್‌ಕ್ರಿಯಾವಾದ ಇನ್ನೂ ಹತ್ತಿರ ಹೋಗಿ ನೋಡುತ್ತದೆ. ಜಾರ್ಜ್ ಹರ್ಬರ್ಟ್ ಮೀಡ್ ಅವರ ವಿಚಾರಗಳಿಂದ ಬೆಳೆದ ಈ ಪಂಥಕ್ಕೆ 1937ರಲ್ಲಿ ಹೆಸರು ಕೊಟ್ಟವರು ಹರ್ಬರ್ಟ್ ಬ್ಲೂಮರ್. ನಾನು ಯಾರು ಅನ್ನುವುದು ಇನ್ನೊಬ್ಬರ ಜೊತೆಗಿನ ಒಡನಾಟದಲ್ಲೇ ರೂಪುಗೊಳ್ಳುತ್ತದೆ ಎನ್ನುತ್ತದೆ ಅದು. ಚಾರ್ಲ್ಸ್ ಕೂಲಿ 1902ರಲ್ಲೇ ಇದನ್ನು ಕನ್ನಡಿಗೆ ಹೋಲಿಸಿದ್ದರು. ಇನ್ನೊಬ್ಬರ ಕಣ್ಣಲ್ಲಿ ನಾನು ಹೇಗೆ ಕಾಣುತ್ತೇನೆ ಅಂತ ಊಹಿಸಿಕೊಂಡು ನಮ್ಮನ್ನು ನಾವು ಅಳೆಯುತ್ತೇವೆ.

ನೇಕಾರ ಎಂಬ ಹೆಸರಿದ್ದವನಿಗೆ ಈಗ ಇರುವ ಹೆಸರು ಭತ್ಯೆಯವನು. ಅವನು ರಸ್ತೆಯಲ್ಲಿ ಮೂರು ಸಲ ನಿಲ್ಲುತ್ತಾನೆ, ಯಾಕೆಂದರೆ ಎದುರಿಗೆ ಬರುವವನೂ ನಿಲ್ಲುತ್ತಾನೆ. ಇಬ್ಬರಿಗೂ ಹೋಗಬೇಕಾದ ಕಡೆ ಇಲ್ಲ ಅನ್ನುವುದು ಇಬ್ಬರಿಗೂ ಗೊತ್ತು. ಡಬ್ಲ್ಯು. ಐ. ಥಾಮಸ್ ಮತ್ತು ಡೊರೊಥಿ ಥಾಮಸ್ 1928ರಲ್ಲಿ ಬರೆದ ಒಂದು ಮಾತು ಇಲ್ಲಿ ಸರಿಯಾಗಿ ಕೂರುತ್ತದೆ: ಜನ ಒಂದು ಸನ್ನಿವೇಶವನ್ನು ನಿಜವೆಂದು ಬಗೆದರೆ, ಅದರ ಪರಿಣಾಮಗಳು ನಿಜವೇ ಆಗುತ್ತವೆ. ಇನ್ನು ಏನೂ ಆಗುವುದಿಲ್ಲ ಅಂತ ಊರೇ ನಂಬಿದಾಗ, ಪುಸ್ತಕ ಓದಿ ತಿಳಿದುಕೊಳ್ಳುವುದು ಯಾವುದಕ್ಕೆ ಅನ್ನಿಸುವುದು ಸಹಜ. ಆದರೆ ಈ ದೃಷ್ಟಿ ರಸ್ತೆಯಾಚೆ ನೋಡುವುದು ಕಡಿಮೆ. ಗಿರಣಿಯ ಲೆಕ್ಕಪತ್ರ ಅದಕ್ಕೆ ಕಾಣುವುದಿಲ್ಲ.

ಹೆಂಗಸರು ಯಾಕೆ ನಿಲ್ಲಲಿಲ್ಲ? ಗಿರಣಿಯಲ್ಲಿ ಅವರೂ ದುಡಿದವರೇ. ಅವರ ಹಾಳೆಗಳಲ್ಲಿ ಖಾಲಿ ಗಂಟೆ ಇಲ್ಲ: ಒಲೆ, ಬಟ್ಟೆ, ಮಕ್ಕಳು, ಹರಿದದ್ದಕ್ಕೆ ತೇಪೆ. ನಿರುದ್ಯೋಗಿ ಎಂಬ ಮಾತು ಸರಿಯಾದ ಅರ್ಥದಲ್ಲಿ ಗಂಡಸರಿಗೆ ಮಾತ್ರ ಹೊಂದುತ್ತದೆ, ಹೆಂಗಸರು ಸಂಬಳವಿಲ್ಲದವರು ಅಷ್ಟೇ ಎಂದು ತಂಡ ಬರೆದಿತ್ತು. 1974ರಲ್ಲಿ ಬ್ರಿಟಿಷ್ ಸಮಾಜಶಾಸ್ತ್ರಜ್ಞೆ ಆನ್ ಓಕ್ಲಿ ಮನೆಗೆಲಸವನ್ನೇ ಒಂದು ದುಡಿಮೆಯಾಗಿ ಅಧ್ಯಯನ ಮಾಡುವುದಕ್ಕೆ ನಾಲ್ಕು ದಶಕ ಮೊದಲಿನ ಮಾತು ಇದು. ಸ್ತ್ರೀವಾದಿ ಸಮಾಜಶಾಸ್ತ್ರ ಕೇಳುವ ಪ್ರಶ್ನೆ ನೇರವಾದದ್ದು: ಕೆಲಸ ಅಂತ ಯಾವುದನ್ನು ಎಣಿಸುತ್ತೀರಿ, ಯಾರ ಕೆಲಸವನ್ನು ಎಣಿಸದೆ ಬಿಡುತ್ತೀರಿ?

ಇದು ಸುಮ್ನೆ ಪಟ್ಟಿಗೆ ಸೇರಿಸುವ ಇನ್ನೊಂದು ದೃಷ್ಟಿಕೋನ ಅಲ್ಲ. ಇಲ್ಲಿ ಅದು ಯಹೋಡಾ ಅವರ ಐದು ಸಂಗತಿಗಳನ್ನು ಒರೆಗೆ ಹಚ್ಚುತ್ತದೆ. ಹೆಂಗಸರಿಗೆ ದಿನದ ವೇಳಾಪಟ್ಟಿ ತಪ್ಪಿರಲಿಲ್ಲ, ಕೈಗೆ ಬೇಕಾದಷ್ಟು ಕೆಲಸವೂ ಇತ್ತು. ಆದರೂ ಗಿರಣಿ ತೆರೆದರೆ ನಾಳೆಯೇ ಹೋಗುತ್ತೇವೆ ಎಂದರು, ಅದೂ ಬರೀ ದುಡ್ಡಿಗಾಗಿ ಅಲ್ಲ. ಗಿರಣಿಯಲ್ಲಿ ನಾಲ್ಕು ಜನ ಸಿಗುತ್ತಿದ್ದರು, ಬದುಕು ಮನೆಯ ಗೋಡೆಗಿಂತ ದೊಡ್ಡದಾಗಿತ್ತು. ಗಂಡಸರು ಸಮಯ ಕಳೆದುಕೊಂಡರು, ಹೆಂಗಸರು ಒಡನಾಟ ಕಳೆದುಕೊಂಡರು. ಒಂದೇ ಗಿರಣಿ, ನಷ್ಟ ಎರಡು ಬಗೆ. ಗಂಡಸರನ್ನು ಮಾತ್ರ ನೋಡಿದ್ದರೆ ಈ ಎರಡು ನಷ್ಟ ಬೇರೆ ಬೇರೆ ಅಂತ ಗೊತ್ತೇ ಆಗುತ್ತಿರಲಿಲ್ಲ.

ಐದು ಶಿಲ್ಲಿಂಗ್

ಕುಟುಂಬಗಳ ಮನಸ್ಥಿತಿಯನ್ನು ತಂಡ ನಾಲ್ಕು ಬಗೆಯಾಗಿ ಗುರುತಿಸಿತು. ಕುಂದದವರು, ಇದ್ದದ್ದರಲ್ಲೇ ಇರೋಣ ಅಂತ ಆಸೆ ಕೈಬಿಟ್ಟವರು, ಹತಾಶರು, ಮತ್ತು ಏನೂ ಬೇಡವಾದವರು. ಹೆಚ್ಚಿನವರು ಎರಡನೆಯ ಗುಂಪಿನಲ್ಲಿದ್ದರು. ಆಮೇಲೆ ಪ್ರತಿ ಗುಂಪಿನ ಆದಾಯ ಲೆಕ್ಕ ಹಾಕಿದರು. ತಲೆಗೆ ತಿಂಗಳಿಗೆ ಸುಮಾರು 34, 30, 25, 19 ಶಿಲ್ಲಿಂಗ್ (ಆಸ್ಟ್ರಿಯಾದ ಆಗಿನ ನಾಣ್ಯ). ಆದಾಯ ಇಳಿದಂತೆ ಮನಸ್ಸು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವಿನ ಅಂತರ ಸುಮಾರು ಐದು ಶಿಲ್ಲಿಂಗ್. ಆ ಐದು ಶಿಲ್ಲಿಂಗ್ ಅಂದರೆ ಏನು ಅಂತಲೂ ಅವರು ಬರೆದಿದ್ದಾರೆ. ಯಾವಾಗಾದರೊಮ್ಮೆ ಸಕ್ಕರೆ ಕೊಳ್ಳುವುದು, ಇಲ್ಲವೇ ಯಾವಾಗಲೂ ಸ್ಯಾಕರಿನ್ ಎಂಬ ಕೃತಕ ಸಿಹಿ. ಮಕ್ಕಳ ಬೂಟು ರಿಪೇರಿ ಮಾಡಿಸುವುದು, ಇಲ್ಲವೇ ಬೂಟಿಲ್ಲ ಅಂತ ಮಗುವನ್ನು ಶಾಲೆಗೆ ಕಳಿಸದೆ ಇರುವುದು.

ನನಗೆ ಈ ನಾಲ್ಕು ಅಂಕಿಗಳು ಮತ್ತೆ ಮಾರ್ಕ್ಸ್ ಕಡೆಗೆ ತಿರುಗುವಂತೆ ಮಾಡುತ್ತವೆ. ಸುಪ್ತ ಪ್ರಕಾರ್ಯಗಳು ಗಿರಣಿಯನ್ನು ನಂಬಿದ್ದ ಕುಟುಂಬಗಳಿಗೆಲ್ಲ ಕೆಲವೇ ತಿಂಗಳಲ್ಲಿ ನಿಂತವು. ಆದರೆ ಒಬ್ಬರು ತಡೆದುಕೊಂಡರು, ಇನ್ನೊಬ್ಬರು ಕುಸಿದರು. ಆ ವ್ಯತ್ಯಾಸದ ದೊಡ್ಡ ಪಾಲು ಕೈಯಲ್ಲಿದ್ದ ದುಡ್ಡಿನದ್ದು. ಕೆಲಸದ ಅರ್ಥದ ಬಗ್ಗೆ ಎಷ್ಟೇ ಚೆನ್ನಾಗಿ ಮಾತಾಡಿದರೂ ಇದನ್ನು ಮರೆಯುವಂತಿಲ್ಲ.

ಮಕ್ಕಳ ಕ್ರಿಸ್ಮಸ್ ಆಸೆಗಳನ್ನೂ ತಂಡ ಬರೆಸಿತು. ಸುತ್ತಲಿನ ಹಳ್ಳಿಗಳ ಮಕ್ಕಳು ಬಯಸಿದ ಉಡುಗೊರೆಗಳ ಬೆಲೆ ಸರಾಸರಿ 36 ಶಿಲ್ಲಿಂಗ್, ಮಾರಿಯೆಂಟಾಲ್ ಮಕ್ಕಳದ್ದು 12. ಅದನ್ನೂ, ಅಪ್ಪ ಅಮ್ಮನ ಹತ್ತಿರ ದುಡ್ಡಿದ್ದಿದ್ದರೆ ಇಂಥದ್ದು ಕೇಳುತ್ತಿದ್ದೆ ಎಂಬ ಧಾಟಿಯಲ್ಲಿ ಬರೆದರು. ಬಯಸುವುದಕ್ಕೆ ದುಡ್ಡು ಬೇಕಾಗಿಲ್ಲ. ಆದರೂ ಮಕ್ಕಳು ಮನೆಯ ಅಳತೆಗೆ ಆಸೆಯನ್ನು ಕತ್ತರಿಸಿಕೊಂಡಿದ್ದರು. ಮುಂದೆ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದ್ಯೂ ಹ್ಯಾಬಿಟಸ್ ಎಂಬ ಪರಿಕಲ್ಪನೆಯಿಂದ ವಿವರಿಸಿದ್ದು ಇಂಥದ್ದನ್ನೇ. ಹೊರಗಿನ ಸ್ಥಿತಿ ನಿಧಾನವಾಗಿ ಒಳಗಿಳಿದು ನಮ್ಮ ರೂಢಿ, ರುಚಿ, ಆಸೆಗಳ ರೂಪ ಪಡೆಯುತ್ತದೆ. ನಮಗಲ್ಲ ಅನ್ನಿಸಿದ್ದನ್ನು ನಾವು ಕೇಳುವುದನ್ನೇ ಬಿಡುತ್ತೇವೆ. ಲೈಬ್ರರಿಗೆ ಹೋಗುವ ಅಭ್ಯಾಸವನ್ನು ದೊಡ್ಡವರು ಬಿಟ್ಟದ್ದೂ ಇದೇ ಕತ್ತರಿಯ ಕೆಲಸ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಆಮೇಲೆ

ಈ ಅಧ್ಯಯನ ಪುಸ್ತಕವಾಗಿ ಬಂದದ್ದು 1933ರಲ್ಲಿ, ಹಿಟ್ಲರ್ ಜರ್ಮನಿಯಲ್ಲಿ ಅಧಿಕಾರಕ್ಕೆ ಬಂದ ವರ್ಷ. ಬರೆದವರು ಯಹೂದಿಗಳಾದ್ದರಿಂದ ಮುಖಪುಟದಲ್ಲಿ ಅವರ ಹೆಸರೇ ಇರಲಿಲ್ಲ. ಪ್ರತಿಗಳಲ್ಲಿ ಹೆಚ್ಚಿನವು ನಾಶವಾದವು. ಲಜಾರ್ಸ್‌ಫೆಲ್ಡ್ ಅಮೆರಿಕಕ್ಕೆ ಹೋದರು, ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮರ್ಟನ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. ಯಹೋಡಾ ಅವರನ್ನು 1936ರಲ್ಲಿ ಬಂಧಿಸಿದರು. ಮರುವರ್ಷ ಅವರು ದೇಶ ಬಿಟ್ಟು ಇಂಗ್ಲೆಂಡ್ ಸೇರಿದರು. ಪುಸ್ತಕ ಇಂಗ್ಲಿಷ್‌ಗೆ ಬಂದದ್ದು 1971ರಲ್ಲಿ.

2020ರಲ್ಲಿ ಅದೇ ಗ್ರಾಮಾಟ್‌ನೊಯ್‌ಸೀಡ್ಲ್‌ನಲ್ಲಿ, ಮಾರಿಯೆಂಟಾಲ್ ಹೆಸರಿನಲ್ಲೇ, ಕೆಳ ಆಸ್ಟ್ರಿಯಾ ಎಂಬ ಪ್ರಾಂತ್ಯದ ಸರ್ಕಾರಿ ಉದ್ಯೋಗ ಸೇವೆ ಒಂದು ಪ್ರಯೋಗ ಶುರು ಮಾಡಿತು. ಬಹುಕಾಲದಿಂದ ಕೆಲಸವಿಲ್ಲದ ಪ್ರತಿಯೊಬ್ಬರಿಗೂ ಸಂಬಳದ ಕೆಲಸದ ಖಾತರಿ ಕೊಟ್ಟರು. ಸೇರಲೇಬೇಕು ಎಂಬ ಒತ್ತಾಯ ಇರಲಿಲ್ಲ. ಆಕ್ಸ್‌ಫರ್ಡ್‌ನ ಅರ್ಥಶಾಸ್ತ್ರಜ್ಞರು ಫಲಿತಾಂಶ ಅಳೆದರು. ಅಳೆಯುವಾಗ ಆದಾಯದ ಜೊತೆ ದಿನದ ವೇಳಾಪಟ್ಟಿ, ಒಡನಾಟ, ಸಮಾಜದಲ್ಲಿ ಸಿಗುವ ಮನ್ನಣೆ ಇವನ್ನೂ ಕೇಳಿದರು. ಕೆಲಸ ಸಿಕ್ಕವರಲ್ಲಿ ಇವೆಲ್ಲವೂ ಸುಧಾರಿಸಿದ್ದವು. ದೇಹದ ಆರೋಗ್ಯದಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.